ಸೊಂಟದ ಪಿಸ್ತೂಲಿಗೆ ಕೆಂಪು ಚುಕ್ಕೆ

ಅಮೆರಿಕದ ಯಾವುದೋ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಹಿಡಿದು ಸಾಲಿನಲ್ಲಿ ನಿಂತವರ ಪೈಕಿ ಒಬ್ಬಿಬ್ಬರ ಅಂಗಿಯ ಮರೆಯಲ್ಲಿ, ಸೊಂಟದ ಬೆಲ್ಟಿಗೆ ಸಿಕ್ಕಿಸಿದ, ಗುಂಡು ತುಂಬಿದ ಪಿಸ್ತೂಲು ಇರಬಹುದು. ಪಕ್ಕದಲ್ಲಿ ನಿಂತವರಿಗೆ ಅದು ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂಬುದೇ ಅದರ ಉದ್ದೇಶ. 'ಕನ್ಸೀಲ್ಡ್ ಕ್ಯಾರಿ' ಎಂದು ಅಲ್ಲಿ ಕರೆಯುವ ಈ ಪದ್ಧತಿಗೆ 50 ರಾಜ್ಯಗಳ ಪೈಕಿ 29ರಲ್ಲಿ 2024ರ ಹೊತ್ತಿಗೆ ಪರವಾನಗಿಯೂ ಬೇಕಿರಲಿಲ್ಲ. ಪರವಾನಗಿ ಬೇಕೆನ್ನುವ ನ್ಯೂಯಾರ್ಕಿನಂಥ ರಾಜ್ಯಗಳೂ 'ನಿನಗೆ ಪಿಸ್ತೂಲೇಕೆ? ವಿಶೇಷ ಕಾರಣ ಹೇಳು' ಎಂದು ಅರ್ಜಿದಾರನನ್ನು ಕೇಳುವಂತಿಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ತೀರ್ಪಿತ್ತಿತು.

ಈ ಮರೆಯ ಪಿಸ್ತೂಲುಗಳ ಬೆನ್ನಿನ ಮೇಲೆ ಈಗ ಹೊಸದೊಂದು ಪದಾರ್ಥ ಬಂದು ಕೂತಿದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರಲ್ಲೊಂದು ಗಾಜಿನ ಕಿಟಕಿ. ಕಿಟಕಿಯಲ್ಲಿ ಇಣುಕಿದರೆ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ಇನ್ನೂರರಿಂದ ಆರುನೂರು ಡಾಲರ್ ತೆತ್ತು ಇದನ್ನು ಕೊಳ್ಳಬೇಕೆ, ಅಥವಾ ಅಜ್ಜನ ಕಾಲದ ಕಬ್ಬಿಣದ ಗುರಿಯೇ ಸಾಕೆ ಎಂಬ ಚರ್ಚೆ ಅಲ್ಲಿಯ ಬಂದೂಕಿನಂಗಡಿಗಳಲ್ಲಿ ಹಲವು ವರ್ಷಗಳಿಂದ ನಡೆದೇ ಇದೆ.

ಜನ ಪಿಸ್ತೂಲು ಹೊತ್ತು ತಿರುಗುವುದೇ ಸರಿಯೆ ಎಂಬುದು ಬೇರೆ ಮಾತು. 2021ರಲ್ಲಿ ಆ ದೇಶದಲ್ಲಿ ಗುಂಡಿಗೆ ಬಲಿಯಾದವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ಆ ವ್ಯಾಜ್ಯ ಇಲ್ಲಿ ತೀರುವಂಥದಲ್ಲ. ಆದರೆ ಹೊತ್ತವನು ಯಾವತ್ತಾದರೂ ಒಂದು ದಿನ ಅದನ್ನು ಹೊರತೆಗೆದರೆ, ಹಾರುವ ಪ್ರತಿ ಗುಂಡೂ ಎಲ್ಲೋ ಒಂದು ಕಡೆ ನಾಟಲೇಬೇಕು. ಎಲ್ಲಿ ನಾಟುತ್ತದೆ ಎಂಬುದರಲ್ಲಿ ಅವನ ಕಣ್ಣಿನ ಪಾತ್ರ ದೊಡ್ಡದು. ಹಾಗಾಗಿ ಈ ಪುಟ್ಟ ಕಿಟಕಿಯ ವಿಚಾರ ನೋಡತಕ್ಕದ್ದೇ.

ಲೇಸರ್ ಅಲ್ಲ

ಕೆಂಪು ಚುಕ್ಕೆ ಎಂದೊಡನೆ ಸಿನಿಮಾ ನೋಡುವವರಿಗೆ ನೆನಪಾಗುವುದು ಎದುರಾಳಿಯ ಎದೆಯ ಮೇಲೆ ಹರಿದಾಡುವ ಲೇಸರ್ ಬೆಳಕು. ಇದು ಅದಲ್ಲ. ಇಲ್ಲಿ ಎದುರಿನವನ ಮೈಮೇಲೆ ಯಾವ ಬೆಳಕೂ ಬೀಳುವುದಿಲ್ಲ. ಪಿಸ್ತೂಲು ಹಿಡಿದವನಿಗೆ ಬಿಟ್ಟು ಬೇರೆ ಯಾರಿಗೂ ಚುಕ್ಕೆ ಕಾಣಿಸುವುದಿಲ್ಲ.

ಇದರ ಹಿಂದಿರುವ ತತ್ತ್ವ ಹತ್ತನೆಯ ತರಗತಿಯ ಪಾಠದ್ದೇ. ನಿಮ್ನ ದರ್ಪಣದ ಸಂಗಮ ಬಿಂದುವಿನಲ್ಲಿ ದೀಪವಿಟ್ಟರೆ ಅದರಿಂದ ಪ್ರತಿಫಲಿಸಿದ ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆ. ಹಳೆಯ ಲಾರಿಗಳ ಹೆಡ್‌ಲೈಟಿನಲ್ಲಿ ನಡೆಯುವುದು ಇದೇ. ಕೆಂಪು ಚುಕ್ಕೆಯ ಉಪಕರಣದಲ್ಲಿ ದೀಪದ ಜಾಗದಲ್ಲಿ ಸಾಸಿವೆಗಿಂತ ಸಣ್ಣದಾದ ಎಲ್ಇಡಿ; ದರ್ಪಣದ ಜಾಗದಲ್ಲಿ ತುಸು ಬಾಗಿದ ಗಾಜು. ಆ ಗಾಜಿಗೆ ಒಂದು ತೆಳುವಾದ ಲೇಪ. ಲೇಪ ಕೆಂಪು ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸಿ, ಉಳಿದ ಬಣ್ಣಗಳನ್ನು ಹಾಯಲು ಬಿಡುತ್ತದೆ. ಆದ್ದರಿಂದ ಗಾಜಿನಾಚೆಯ ಜಗತ್ತು ಎಂದಿನಂತೆ ಕಾಣುತ್ತದೆ, ಸ್ವಲ್ಪ ನೀಲಿಗೆ ತಿರುಗಿದಂತೆ ಅನ್ನಿಸಬಹುದು ಅಷ್ಟೆ. ಜೊತೆಗೆ ಕೆಂಪು ಚುಕ್ಕೆಯೂ ಕಾಣುತ್ತದೆ.

ಸ್ವಾರಸ್ಯ ಇರುವುದು ಇಲ್ಲಿ. ಸಮಾನಾಂತರ ಕಿರಣಗಳು ಕಣ್ಣಿಗೆ ಬಿದ್ದರೆ ಅವು ಬಹು ದೂರದಿಂದ ಬಂದವೆಂದು ಕಣ್ಣು ತಿಳಿಯುತ್ತದೆ. ನಕ್ಷತ್ರದ ಬೆಳಕು ಬಂದ ಹಾಗೆ. ಆದ್ದರಿಂದ ಚುಕ್ಕೆ ಗಾಜಿಗೆ ಅಂಟಿಕೊಂಡಂತೆ ಕಾಣದೆ ದೂರದ ಗುರಿಯ ಮೇಲೇ ಇಟ್ಟಂತೆ ಕಾಣುತ್ತದೆ. ತಲೆಯನ್ನು ಸ್ವಲ್ಪ ಅತ್ತಿತ್ತ ಸರಿಸಿದರೆ ಚುಕ್ಕೆ ಕಿಟಕಿಯೊಳಗೆ ಸರಿಯುತ್ತದೆಯೇ ಹೊರತು ಗುರಿಯಿಂದ ಹೆಚ್ಚು ಅಲುಗುವುದಿಲ್ಲ.

ಈ ಉಪಾಯ ಹೊಳೆದದ್ದು ಬಂದೂಕು ತಯಾರಿಸುವವರಿಗಲ್ಲ, ದೂರದರ್ಶಕ ಮಾಡುವವನಿಗೆ. ಡಬ್ಲಿನ್ ನಗರದ ಹೊವಾರ್ಡ್ ಗ್ರಬ್ 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸ್ಥಾಪಿಸಿದ್ದ 15 ಇಂಚಿನ ದೂರದರ್ಶಕ ಇದೇ ಗ್ರಬ್ ಕಂಪನಿಯದು. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್‌ನಂಥ ವಿಮಾನಗಳ ಚಾಲಕರು ಎದುರಿನ ಗಾಜಿನಲ್ಲಿ ನೋಡುತ್ತಿದ್ದ ಹೊಳೆವ ಗುರಿ ಈ ತತ್ತ್ವದ್ದೇ. ಆಗ ಅದಕ್ಕೆ ಬಲ್ಬು ಬೇಕಿತ್ತು. 1962ರಲ್ಲಿ ಕೆಂಪು ಎಲ್ಇಡಿ ಬಂದ ಮೇಲೆ ವಿಮಾನದ ಸಲಕರಣೆ ಕೈಬಂದೂಕಿಗೆ ಇಳಿಯುವ ದಾರಿ ತೆರೆಯಿತು. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಅಂಥದೊಂದನ್ನು ಮಾರುಕಟ್ಟೆಗೆ ತಂದಿತು. 1990ರ ಸುಮಾರಿಗೆ ಅಮೆರಿಕದ ವೇಗದ ಗುರಿಸ್ಪರ್ಧೆಗಳಲ್ಲಿ ಪಿಸ್ತೂಲಿನ ಮೇಲೂ ಅದು ಕಾಣಿಸಿಕೊಂಡಿತು. ಆದರೆ ಆ ಪಿಸ್ತೂಲುಗಳನ್ನು ಅಂಗಿಯೊಳಗೆ ಅಡಗಿಸುವುದು ತಂಬಿಗೆಯನ್ನು ಜೇಬಿಗೆ ಹಾಕಿಕೊಂಡ ಹಾಗೆ.

ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಪ್ರತಿ ಗುಂಡಿಗೂ ರಪ್ಪನೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ಅದರ ಬೆನ್ನಿನ ಮೇಲೇ ಕೂತು ಸಾವಿರಾರು ಸಲ ಈ ಏಟು ತಿಂದರೂ ಕೆಡದಂಥ ಗಾಜು, ತಂತಿ, ಬ್ಯಾಟರಿ ಮಾಡುವುದು ಸುಲಭವಲ್ಲ. ಟ್ರಿಜಿಕಾನ್ ಕಂಪನಿ 2009ರಲ್ಲಿ ತಂದ 'ಆರ್‌ಎಂಆರ್' ಎಂಬ 34 ಗ್ರಾಂ ತೂಕದ ಉಪಕರಣ ಈ ಏಟು ತಾಳಿ ಹೆಸರು ಮಾಡಿತು. 2015ರಲ್ಲಿ ಗ್ಲಾಕ್ ಕಂಪನಿ ಚುಕ್ಕೆ ಕೂರಿಸಲು ಕಾರ್ಖಾನೆಯಲ್ಲೇ ಜಾಗ ಕೊರೆದ ಪಿಸ್ತೂಲುಗಳನ್ನು ಮಾರತೊಡಗಿತು. 2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ಬಂದಿತು. ಸುಮಾರು 500 ಗ್ರಾಂ ತೂಕದ, ಅಂಗೈಗಿಂತ ಅಷ್ಟೇನೂ ದೊಡ್ಡದಲ್ಲದ ಪಿಸ್ತೂಲು. ಅಂಥವಕ್ಕೆ ಹೊಂದುವ ಇನ್ನೂ ಪುಟ್ಟ ಚುಕ್ಕೆಗಳೂ ಬಂದವು.

ಕಣ್ಣಿಗೆ ಒಂದೇ ಕೆಲಸ

ಹಳೆಯ ಕಬ್ಬಿಣದ ಗುರಿಯಲ್ಲಿ ಏನಿದೆ? ನಳಿಗೆಯ ತುದಿಯಲ್ಲಿ ಒಂದು ಮೊಳೆ, ಹಿಂದೆ ಒಂದು ಕಚ್ಚು. ಕಚ್ಚಿನ ನಡುವೆ ಮೊಳೆ ಸರಿಯಾಗಿ ಕೂರಬೇಕು, ಮೊಳೆಯ ಮೇಲೆ ಗುರಿ ಕೂರಬೇಕು. ಮೂರು ವಸ್ತು, ಮೂರು ದೂರ. ಕಣ್ಣಿನ ಮಸೂರವಾದರೋ ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ಆದ್ದರಿಂದ ಗುರಿ ಕಲಿಸುವವರು ಮೊದಲಿಂದ ಹೇಳುತ್ತ ಬಂದದ್ದು ಒಂದೇ ಮಾತು: ಮೊಳೆಯನ್ನು ನೋಡು, ಗುರಿ ಮಸುಕಾದರೆ ಆಗಲಿ.

ಒಲಿಂಪಿಕ್ ಮಾದರಿಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ಇಂದಿಗೂ ಕಬ್ಬಿಣದ ಗುರಿಯೇ ನಿಯಮ. ಚುಕ್ಕೆಗೆ ಅಲ್ಲಿ ಪ್ರವೇಶವಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಮೊಳೆ ಮತ್ತು ಕಚ್ಚಿನಿಂದಲೇ. ಅಲ್ಲಿ ಗುರಿ ಎಂದರೆ ಕದಲದ ಕಪ್ಪು ವೃತ್ತ. ಅದು ಮಸುಕಾದರೆ ನಷ್ಟವಿಲ್ಲ.

ರಾತ್ರಿ ಹತ್ತು ಗಂಟೆಗೆ ಕಾರು ನಿಲ್ಲಿಸುವ ಜಾಗದಲ್ಲಿ ಎದುರಿಗೆ ಬರುವವನು ಕಪ್ಪು ವೃತ್ತವಲ್ಲ. ಅವನ ಕೈಯಲ್ಲಿ ಏನೋ ಇದೆ. ಚಾಕುವೆ, ಪಿಸ್ತೂಲೆ, ಕಾರಿನ ಕೀಲಿಯೆ, ಫೋನೆ? ಮೊಳೆಯ ಮೇಲೆ ದೃಷ್ಟಿ ನೆಟ್ಟರೆ ಆ ಕೈ ಮಸುಕಾಗುತ್ತದೆ. ಹೆದರಿದ ಮನುಷ್ಯನ ಕಣ್ಣು ಹೇಗೂ ಮೊಳೆಯ ಮೇಲೆ ನಿಲ್ಲುವುದಿಲ್ಲ, ಅಪಾಯದ ಕಡೆಗೇ ಓಡುತ್ತದೆ. ಆಗ ಮೊಳೆ ಮಸುಕಾಗಿ ಗುಂಡು ಎತ್ತಲೋ ಹೋಗುತ್ತದೆ. ಚುಕ್ಕೆಯಾದರೆ ಈ ಇಕ್ಕಟ್ಟು ಇಲ್ಲ. ಎದುರಿನವನನ್ನೇ, ಅವನ ಕೈಯನ್ನೇ ಎರಡೂ ಕಣ್ಣು ತೆರೆದು ನೋಡುತ್ತಿರಬಹುದು. ಚುಕ್ಕೆ ತಾನಾಗಿ ಅಲ್ಲಿ ಬಂದು ನಿಲ್ಲುತ್ತದೆ. ಹೊಡೆಯದೆ ಬಿಡಬೇಕಾದ ಸಂದರ್ಭವನ್ನು ಗುರುತಿಸಲು ಇದರಿಂದ ಆಗುವ ಉಪಕಾರ, ಹೊಡೆಯಲು ಆಗುವ ಉಪಕಾರಕ್ಕಿಂತ ದೊಡ್ಡದೆನ್ನಬೇಕು. ಮಾರುವವರು ಇದನ್ನು ಹೆಚ್ಚಾಗಿ ಹೇಳುವುದಿಲ್ಲ. ಅವರಿಗೆ ವೇಗದ ಮಾತೇ ಇಷ್ಟ.

ಇನ್ನು ವಯಸ್ಸು. ನಲವತ್ತು ದಾಟಿ ಚಾಳೀಸು ಬಂದವರಿಗೆ ತೋಳಳತೆಯ ಮೊಳೆ ಕಾಣುವುದಿಲ್ಲ. ಓದುವ ಕನ್ನಡಕ ಹಾಕಿಕೊಂಡರೆ ಮೊಳೆ ಕಂಡೀತು, ಮನುಷ್ಯ ಕಾಣುವುದಿಲ್ಲ. ಎರಡೂ ಕೂಡಿದ ಕನ್ನಡಕವಾದರೆ ಗದ್ದ ಮೇಲೆತ್ತಿ, ಗಾಜಿನ ಕೆಳಭಾಗದಲ್ಲಿ ಮೊಳೆ ಹುಡುಕಬೇಕು. ದೂರದ ಚುಕ್ಕೆಗೆ ದೂರದ ಕನ್ನಡಕವೊಂದೇ ಸಾಕು.

ಆದರೆ ಅಸ್ಟಿಗ್ಮ್ಯಾಟಿಸಂ ಇರುವವರಿಗೆ, ಅಂದರೆ ಕಣ್ಣಿನ ಪಾರದರ್ಶಕ ಪಟಲದ ಬಾಗು ಎಲ್ಲ ದಿಕ್ಕಿನಲ್ಲಿ ಒಂದೇ ಸಮನಾಗಿಲ್ಲದವರಿಗೆ, ಚುಕ್ಕೆ ದುಂಡಗೆ ಕಾಣದೆ ಬಾಲವಿರುವ ಧೂಮಕೇತುವಿನಂತೆ, ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ. ತೊಂದರೆ ಕಣ್ಣಿನದೋ ಉಪಕರಣದ್ದೋ ಎಂದು ತಿಳಿಯಬೇಕಾದರೆ ಅದೇ ಚುಕ್ಕೆಯನ್ನು ಫೋನಿನ ಕ್ಯಾಮೆರಾದಲ್ಲಿ ನೋಡಬೇಕು. ಫೋಟೋದಲ್ಲಿ ದುಂಡಗಿದ್ದರೆ ಹೋಗಬೇಕಾದದ್ದು ಕಣ್ಣಿನ ಡಾಕ್ಟರ ಬಳಿಗೆ.

ಚುಕ್ಕೆ ಎಲ್ಲಿ ಹೋಯಿತು?

ಇಷ್ಟು ಕೇಳಿದರೆ ಕಬ್ಬಿಣದ ಗುರಿಯನ್ನು ಗುಜರಿಗೆ ಹಾಕಬಹುದು ಎನ್ನಿಸುತ್ತದೆ. ಆದರೆ ಹೊಸದಾಗಿ ಚುಕ್ಕೆ ಕೊಂಡವರೆಲ್ಲರ ದೂರು ಒಂದೇ: ಪಿಸ್ತೂಲು ಎತ್ತಿದರೆ ಚುಕ್ಕೆಯೇ ಕಾಣುವುದಿಲ್ಲ!

ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. ಕಿಟಕಿಯ ಎತ್ತರ 16 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ನಡುವಿನಿಂದ ಅಂಚಿಗೆ 8. ಕಣ್ಣಿನಿಂದ ಕಿಟಕಿಗೆ ಇರುವ ದೂರ 60 ಸೆಂಟಿಮೀಟರ್, ಅಂದರೆ 600 ಮಿಲಿಮೀಟರ್. 8ನ್ನು 600ರಿಂದ ಭಾಗಿಸಿ ಕೋನಕ್ಕೆ ತಿರುಗಿಸಿದರೆ ಮುಕ್ಕಾಲು ಡಿಗ್ರಿ. ಮಣಿಕಟ್ಟು ಮುಕ್ಕಾಲು ಡಿಗ್ರಿಗಿಂತ ಹೆಚ್ಚು ಮೇಲಕ್ಕೋ ಕೆಳಕ್ಕೋ ವಾಲಿತು ಎಂದರೆ ಚುಕ್ಕೆ ಕಿಟಕಿಯಾಚೆ ಹೋಯಿತು. ಎತ್ತ ಹೋಯಿತು ಎಂದೂ ತಿಳಿಯುವುದಿಲ್ಲ. ಖಾಲಿ ಗಾಜು ಏನನ್ನೂ ಹೇಳುವುದಿಲ್ಲ. ಕಬ್ಬಿಣದ ಮೊಳೆ ಹಾಗಲ್ಲ. ಕಚ್ಚಿನಿಂದ ಮೇಲೆದ್ದು ನಿಂತರೆ ಮೂತಿ ಮೇಲಾಗಿದೆ ಎಂದು ತಾನೇ ಹೇಳುತ್ತದೆ, ತಿದ್ದಿಕೊಳ್ಳಬಹುದು. ಜೀವಭಯದ ಗಳಿಗೆಯಲ್ಲಿ ಗಾಜಿನೊಳಗೆ ಚುಕ್ಕೆ ಹುಡುಕುತ್ತ ಪಿಸ್ತೂಲನ್ನು ಮೇಲೆ ಕೆಳಗೆ ಆಡಿಸುವವನ ಪಾಡು, ಕಳ್ಳ ಬಂದಾಗ ಕನ್ನಡಕ ಹುಡುಕುವ ಯಜಮಾನನ ಪಾಡೇ ಸರಿ.

ಇದಕ್ಕೆ ಮದ್ದಿದೆ. ಪಿಸ್ತೂಲನ್ನು ಒರೆಯಿಂದ ತೆಗೆದು ಕಣ್ಣಿನ ನೇರಕ್ಕೆ ತರುವ ಚಲನೆ ಪ್ರತಿ ಸಲವೂ ಒಂದೇ ತೆರನಾಗಿ ಬರಬೇಕು. ಗುಂಡೆಲ್ಲ ತೆಗೆದು, ಖಾಲಿಯೆಂದು ಎರಡೆರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ದಿನಕ್ಕೆ ಹತ್ತು ನಿಮಿಷದಂತೆ ನೂರಾರು ಸಲ ಎತ್ತಿ ಅಭ್ಯಾಸ ಮಾಡಬೇಕು. ಸಂಗೀತದ ಮನೆಯಲ್ಲಿ ಸರಳೆ, ಜಂಟಿವರಸೆ ಎಂದು ಕೂರಿಸುವ ಹಾಗೆ. ಬಳಿಕ ಚುಕ್ಕೆ ಹುಡುಕದೆ ಸಿಗುತ್ತದೆ. ಆದರೆ ಪಿಸ್ತೂಲು ಕೊಂಡವರಲ್ಲಿ ಎಷ್ಟು ಮಂದಿ ಇಷ್ಟು ಮಾಡಿಯಾರು?

ಬೆವರು, ಎಳೆ, ತಿರುಪು

ಅಡಗಿಸುವುದಕ್ಕೆ ತೊಡಕಾಗದೆ ಎಂಬುದು ಎಲ್ಲರ ಮೊದಲ ಶಂಕೆ. ವಾಸ್ತವವಾಗಿ ಇದೇ ಸಣ್ಣ ತೊಡಕು. ಅಂಗಿಯ ಮೇಲೆ ಉಬ್ಬಿ ಗುಟ್ಟು ರಟ್ಟು ಮಾಡುವುದು ಪಿಸ್ತೂಲಿನ ಹಿಡಿ. ಬೆಲ್ಟಿನ ಬಳಿ ಮೈಗಂಟಿ ಕೂರುವ ಚುಕ್ಕೆಯ ಪೆಟ್ಟಿಗೆಯಲ್ಲ. ಅದಕ್ಕೆ ಜಾಗ ಬಿಟ್ಟ ಒರೆ ಕೊಂಡರಾಯಿತು.

ನಿಜವಾದ ಕಾಟ ಮೈಗೆ ಅಂಟಿ ಕೂರುವುದರಿಂದಲೇ. ಹೊಟ್ಟೆಯ ಬೆವರು, ಬನಿಯನ್ನಿನ ನೂಲಿನ ಎಳೆ, ಧೂಳು ಎಲ್ಲವೂ ಗಾಜಿಗೆ ಅಂಟುತ್ತವೆ. ಗಾಜಿಗೆ ಅಂಟಿದರೆ ಹೇಗೋ ಆದೀತು. ಹಿಂದೆ ತೆರೆದುಕೊಂಡಿರುವ ಎಲ್ಇಡಿಯ ಮುಂದೆ ಒಂದು ಎಳೆ ಅಥವಾ ಒಂದು ಹನಿ ಮಳೆನೀರು ಕೂತರೆ ಚುಕ್ಕೆ ಹರಡಿಹೋಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಇದಕ್ಕಾಗಿಯೇ ಎರಡೂ ಕಡೆ ಗಾಜು ಹಾಕಿ ಮುಚ್ಚಿದ ಪೆಟ್ಟಿಗೆಗಳು ಬಂದವು. ಏಮ್‌ಪಾಯಿಂಟಿನ 'ಆಕ್ರೊ' 2019ರದು. ತೂಕ ಸುಮಾರು 60 ಗ್ರಾಂ, ಬೆಲೆಯೂ ಜಾಸ್ತಿ. ಮೈಮೇಲೆ ಹೊರುವವರಿಗೆ ಮುಚ್ಚಿದ್ದೇ ವಾಸಿ ಎಂದು ಧಾರಾಳವಾಗಿ ಹೇಳಬಹುದು.

ಮುಚ್ಚಿದರೂ ಮಂಜು ತಪ್ಪುವುದಿಲ್ಲ. ಎ.ಸಿ. ಕಾರಿನಿಂದ ಮಂಗಳೂರಿನ ಬೀದಿಗೆ ಇಳಿದೊಡನೆ ಕನ್ನಡಕ ಮಂಜಾಗುವುದಿಲ್ಲವೆ? ಹ್ಯೂಸ್ಟನ್ನಿನ ಬೇಸಿಗೆಯಲ್ಲಿ ತಣ್ಣನೆಯ ಅಂಗಡಿಯಿಂದ ಹೊರಬಂದವನ ಚುಕ್ಕೆಯ ಗಾಜಿಗೂ ಅದೇ ಗತಿ. ಬೆಳಕಿಗೆ ತಕ್ಕಂತೆ ತಾನೇ ಪ್ರಖರತೆ ಹೊಂದಿಸಿಕೊಳ್ಳುವ ಚುಕ್ಕೆಗಳಿಗೆ ಇನ್ನೊಂದು ಕುಂದು: ಕತ್ತಲೆಯ ಕೋಣೆಯಲ್ಲಿ ನಿಂತು ಬಿಸಿಲಿನ ಅಂಗಳದ ಕಡೆ ನೋಡಿದರೆ ಅದು ಕೋಣೆಯ ಕತ್ತಲನ್ನೇ ಅಳೆದು ಮಂಕಾಗುತ್ತದೆ, ಅಂಗಳದ ಬೆಳಕಿನಲ್ಲಿ ಚುಕ್ಕೆ ಕರಗಿಹೋಗುತ್ತದೆ.

ಇನ್ನು ತಿರುಪುಗಳು. ಇಡೀ ಉಪಕರಣ ನಿಂತಿರುವುದು ಎರಡು ಪುಟ್ಟ ತಿರುಪುಗಳ ಮೇಲೆ. ಅವು ಸಡಿಲವಾದರೆ ಚುಕ್ಕೆ ಉರಿಯುತ್ತಲೇ ಇರುತ್ತದೆ, ಸುಳ್ಳು ಹೇಳುತ್ತಲೇ ಇರುತ್ತದೆ. ಆರಿದ ಚುಕ್ಕೆಗಿಂತ ಇದು ಅಪಾಯ. ತಿಳಿದವರು ತಿರುಪಿಗೆ ಅಂಟುದ್ರವ ಹಾಕಿ ಬಿಗಿದು, ತಿರುಪಿನ ತಲೆಯಿಂದ ಪೆಟ್ಟಿಗೆಯ ಮೈಮೇಲೆ ಹಾಯುವಂತೆ ಬಣ್ಣದ ಗೆರೆ ಎಳೆಯುತ್ತಾರೆ. ಗೆರೆ ಮುರಿದಿದ್ದರೆ ತಿರುಪು ಅಲುಗಿದೆ ಎಂದರ್ಥ.

ಎಷ್ಟು ದೂರಕ್ಕೆ?

ಆತ್ಮರಕ್ಷಣೆಗೆ ಪಿಸ್ತೂಲು ಹಾರಿಸುವ ಸಂದರ್ಭಗಳು ಬಹುತೇಕ ಕೆಲವೇ ಮೀಟರುಗಳ ಒಳಗಿನವು. ಮೂರು ಮೀಟರಿಗೆ ಚುಕ್ಕೆಯೇಕೆ, ಮೊಳೆಯನ್ನೂ ನೋಡುವ ಪುರಸೊತ್ತಿರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ.

ದೂರ ಹೆಚ್ಚಿದಂತೆ ಲೆಕ್ಕ ಬದಲಾಗುತ್ತದೆ. ಮೊಳೆಗೂ ಕಚ್ಚಿಗೂ ನಡುವೆ 15 ಸೆಂಟಿಮೀಟರ್ ಅಂತರವಿದ್ದು, ಮೊಳೆ ಕೇವಲ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಏಳು ಮೀಟರಿನಲ್ಲಿ ಗುಂಡು ಸುಮಾರು ಐದು ಸೆಂಟಿಮೀಟರ್ ತಪ್ಪುತ್ತದೆ. 25 ಮೀಟರಿನಲ್ಲಿ ಸುಮಾರು 17. ಚುಕ್ಕೆಯ ಗಾತ್ರವನ್ನು 'ಮಿನಿಟ್' ಎಂಬ ಕೋನಮಾನದಲ್ಲಿ ಹೇಳುತ್ತಾರೆ; ಡಿಗ್ರಿಯ ಅರವತ್ತನೆಯ ಒಂದು ಭಾಗ, ನಮ್ಮ ಪಂಚಾಂಗದವರ 'ಕಲೆ'. ಮೂರು ಮಿನಿಟಿನ ಚುಕ್ಕೆ 25 ಮೀಟರಿನಲ್ಲಿ ಎರಡು ಸೆಂಟಿಮೀಟರಿನಷ್ಟು ಜಾಗವನ್ನು ಮುಚ್ಚುತ್ತದೆ. ಗುರಿ ಎಷ್ಟು ನಡುಗುತ್ತಿದೆ ಎಂಬುದನ್ನೂ ಅದು ಬಚ್ಚಿಡದೆ ತೋರಿಸುತ್ತದೆ. ನಡುಕ ಹೊಸದಲ್ಲ, ಮೊದಲು ಕಾಣುತ್ತಿರಲಿಲ್ಲ ಅಷ್ಟೆ.

ಅಂಥ ದೂರ ಬರುವುದೇ ಇಲ್ಲವೆನ್ನಲಾಗದು. 2022ರ ಜುಲೈ 17ರಂದು ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಎಂಬಲ್ಲಿಯ ಮಾಲಿನಲ್ಲಿ ಬಂದೂಕುಧಾರಿಯೊಬ್ಬ ಮೂವರನ್ನು ಕೊಂದಾಗ, ಅಲ್ಲೇ ಇದ್ದ 22 ವರ್ಷದ ಯುವಕ ಸುಮಾರು 40 ಗಜ ದೂರದಿಂದ ತನ್ನ ಪಿಸ್ತೂಲಿನಿಂದ ಅವನನ್ನು ಉರುಳಿಸಿದ. ಆ ದೂರಕ್ಕೆ ಮೊಳೆಯ ಒಂದು ಮಿಲಿಮೀಟರ್ ತಪ್ಪು ಎಂದರೆ ಒಂದು ಗೇಣಿಗಿಂತ ಹೆಚ್ಚು. ಸುತ್ತ ಊಟಕ್ಕೆ ಕುಳಿತಿದ್ದ ಜನ. ಆ ಯುವಕನಿಗೆ ಪೊಲೀಸ್ ಅಥವಾ ಸೇನೆಯ ತರಬೇತಿ ಇರಲಿಲ್ಲವೆಂದು ಅಲ್ಲಿಯ ಪೊಲೀಸ್ ಮುಖ್ಯಸ್ಥರು ಹೇಳಿದರು.

ಇನ್ನೊಂದು ಪ್ರಕರಣವನ್ನೂ ಹೇಳಬೇಕು. 2021ರ ಜೂನ್ 21ರಂದು ಕೊಲೊರಾಡೋದ ಆರ್ವಾಡಾದಲ್ಲಿ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದವನನ್ನು ದಾರಿಹೋಕನೊಬ್ಬ ತನ್ನ ಪಿಸ್ತೂಲಿನಿಂದ ಹೊಡೆದು ತಡೆದ. ಬಳಿಕ ಸತ್ತವನ ರೈಫಲನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಧಾವಿಸಿ ಬಂದ ಇನ್ನೊಬ್ಬ ಪೊಲೀಸನ ಕಣ್ಣಿಗೆ ಕಂಡದ್ದು ರೈಫಲು ಹಿಡಿದ ಮನುಷ್ಯ. ಉಪಕಾರ ಮಾಡಿದವನೇ ಪೊಲೀಸರ ಗುಂಡಿಗೆ ಸತ್ತ. ಕೈಯಲ್ಲಿರುವುದು ಏನೆಂದು ಕಂಡರೂ, ಹಿಡಿದವನು ಯಾರೆಂದು ಯಾವ ಚುಕ್ಕೆಯೂ ತೋರಿಸುವುದಿಲ್ಲ.

ನಮ್ಮಲ್ಲಿ ಈ ಚರ್ಚೆಗೆ ಆಸ್ಪದ ಕಡಿಮೆ. ಅಲ್ಲಿ ಸಾಮಾನ್ಯರು ಹೊರುವ 9 ಎಂ.ಎಂ. ಪಿಸ್ತೂಲು ಭಾರತದಲ್ಲಿ ನಾಗರಿಕರಿಗೆ ನಿಷಿದ್ಧ. ಅಮೆರಿಕಕ್ಕೆ ಹೋದ ನಮ್ಮವರಲ್ಲೂ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವಂತಿಲ್ಲ.

ಹಾಗಾದರೆ ಚುಕ್ಕೆ ವ್ಯವಹಾರಕ್ಕೆ ಬರುವಂಥದೆ? ಬರುತ್ತದೆ. ಉಪಕರಣದ ಮಟ್ಟಿಗೆ ಹೇಳುವುದಾದರೆ ಹದಿನೈದು ವರ್ಷದ ಹಿಂದಿನ ಅನುಮಾನಗಳಲ್ಲಿ ಹೆಚ್ಚಿನವು ಕಳೆದಿವೆ. ಅಲ್ಲಿಯ ಎಷ್ಟೋ ಪೊಲೀಸ್ ಇಲಾಖೆಗಳು ಒಪ್ಪಿಕೊಂಡಿವೆ. ಅಭ್ಯಾಸ ಮಾಡುವವನಿಗೆ, ಅದರಲ್ಲೂ ಚಾಳೀಸಿನವನಿಗೆ, ಇದು ನಿಶ್ಚಯವಾಗಿ ಮೇಲು. ಕೊಂಡು ಮೇಜಿನ ಖಾನೆಯಲ್ಲಿಟ್ಟು, ಹೊರಗೆ ಹೋಗುವಾಗ ಮಾತ್ರ ಸೊಂಟಕ್ಕೆ ಸಿಕ್ಕಿಸುವವನಿಗೆ ಕಬ್ಬಿಣದ ಗುರಿಯೇ ಲೇಸು. ಅದು ಕೊನೆಯ ಪಕ್ಷ ಎಲ್ಲಿಗೂ ಮಾಯವಾಗುವುದಿಲ್ಲ. ಹಣ ಸೀಮಿತವಾಗಿದ್ದರೆ ಚುಕ್ಕೆಗೆ ಕೊಡುವ ಐನೂರು ಡಾಲರನ್ನು ಮೊದಲು ಗುಂಡಿಗೂ ಗುರುವಿಗೂ ಕೊಡುವುದು ಜಾಣತನ.

ಚುಕ್ಕೆ ಹಾಕಿಸಿಕೊಂಡವರೂ ಕಬ್ಬಿಣವನ್ನು ಕೀಳಿಸುವುದಿಲ್ಲ. ಕಿಟಕಿಯ ಮೂಲಕವೇ ಕಾಣುವಂತೆ ಮೊಳೆಯನ್ನೂ ಕಚ್ಚನ್ನೂ ಎತ್ತರವಾಗಿ ಇಡಿಸಿಕೊಳ್ಳುತ್ತಾರೆ. ಎಲ್ಇಡಿ ಆರಿದರೆ ಅವಿವೆ. ಬ್ಯಾಟರಿ 50,000 ಗಂಟೆ ಬಾಳುತ್ತದೆಂದು ಕೆಲವು ಕಂಪನಿಗಳು ಹೇಳಿಕೊಳ್ಳುತ್ತವೆ; ಲೆಕ್ಕ ಹಾಕಿದರೆ ಐದೂವರೆ ವರ್ಷಕ್ಕೂ ಹೆಚ್ಚು. ಅದನ್ನು ಪೂರ್ತಿ ನಂಬದ ಎಚ್ಚರಿಕೆಯವರು ವರ್ಷಕ್ಕೊಮ್ಮೆ, ಮರೆಯದಿರಲೆಂದು ತಮ್ಮ ಹುಟ್ಟುಹಬ್ಬದ ದಿನ, ನಾಣ್ಯದಂಥ ಆ ಬ್ಯಾಟರಿಯನ್ನು ಬದಲಿಸುತ್ತಾರೆ. ಹಳೆಯ ಆರ್‌ಎಂಆರ್‌ನಲ್ಲಿ ಬ್ಯಾಟರಿ ತಳದಲ್ಲಿದೆ. ಅದನ್ನು ಬದಲಿಸಲು ಎರಡೂ ತಿರುಪು ಬಿಚ್ಚಿ ಇಡೀ ಪೆಟ್ಟಿಗೆಯನ್ನು ಎತ್ತಬೇಕು. ಮತ್ತೆ ಬಿಗಿದ ಮೇಲೆ ಮೈದಾನಕ್ಕೆ ಹೋಗಿ ನಾಲ್ಕು ಗುಂಡು ಹಾರಿಸಿ, ಚುಕ್ಕೆ ಇಟ್ಟಲ್ಲೇ ತೂತು ಬೀಳುತ್ತಿದೆಯೇ ಎಂದು ನೋಡಿಕೊಂಡು ಬರಬೇಕು.